ಸುತ್ತಿನ ನಡುವೆ ಬಂದ ಕರೆ

ಬೆಳವಣಕಿಯಂಥ ಎರೆ ಸೀಮೆಯಲ್ಲಿ ಹಿಂಗಾರಿ ಜೋಳ ಹಾಲುಗಾಳು ಕಟ್ಟಿದಾಗ ಹಕ್ಕಿ ಕಾಯುವ ಕೆಲಸ ಶುರುವಾಗುತ್ತದೆ. ಕಾಯುವವನು ಕವಣೆ ಹಿಡಿದು ಬದುವಿನ ಗುಂಟ ಸುತ್ತು ಹಾಕುತ್ತಾನೆ. ಅವನು ಆ ತುದಿಯಲ್ಲಿದ್ದಾಗ ಈ ತುದಿಗೆ ಗುಬ್ಬಿ ಹಿಂಡು ಇಳಿದು, ತಿಂದು, ಹಾರಿಹೋದರೆ ಅವನಿಗೆ ಗೊತ್ತೇ ಆಗುವುದಿಲ್ಲ. ಇಂದಿನ ಯಂತ್ರಗಳನ್ನು ನಡೆಸುವ ಪಿಎಲ್‌ಸಿ ಎಂಬ ಪೆಟ್ಟಿಗೆಯ ಪಾಡೂ ಇದೇ.

ಪಿಎಲ್‌ಸಿ ಎಂದರೆ ಪ್ರೋಗ್ರಾಮೆಬಲ್ ಲಾಜಿಕ್ ಕಂಟ್ರೋಲರ್. ಕಾರ್ಖಾನೆಗಳಲ್ಲಷ್ಟೇ ಅಲ್ಲ, ಗಜೇಂದ್ರಗಡದ ಗುಡ್ಡಗಳ ಮೇಲೆ ತಿರುಗುವಂಥ ಗಾಳಿಯಂತ್ರಗಳ ಒಳಗೂ ಇದು ಅಥವಾ ಇದೇ ಜಾತಿಯ ನಿಯಂತ್ರಕ ಇರುತ್ತದೆ. ಅದರ ದಿನಚರಿ ಬಲು ಸರಳ. ಮೊದಲು ಎಲ್ಲ ಸೆನ್ಸರುಗಳ ಸ್ಥಿತಿ ನೋಡಿಕೊಳ್ಳುವುದು. ಆಮೇಲೆ ಪ್ರೋಗ್ರಾಮನ್ನು ಮೊದಲಿನಿಂದ ಕೊನೆಯವರೆಗೆ ಓಡಿಸುವುದು. ಕೊನೆಗೆ ಮೋಟಾರು, ಬ್ರೇಕುಗಳಿಗೆ ಆದೇಶ ಕೊಡುವುದು. ಮತ್ತೆ ಮೊದಲಿನಿಂದ. ಇದಕ್ಕೆ ‘ಸ್ಕ್ಯಾನ್’ ಎನ್ನುತ್ತಾರೆ. ಒಂದು ಸುತ್ತಿಗೆ ಸುಮಾರು ೧೦ ಮಿಲಿಸೆಕೆಂಡ್, ಅಂದರೆ ಸೆಕೆಂಡಿನ ನೂರನೇ ಒಂದು ಭಾಗ ಎಂದಿಟ್ಟುಕೊಳ್ಳಿ.

ಗಾಳಿಯ ದಿಕ್ಕು ಬದಲಾಗುವುದು, ಎಣ್ಣೆ ಬಿಸಿಯಾಗುವುದು ಇಂಥ ಸಂಗತಿಗಳಿಗೆ ಈ ವೇಗ ಧಾರಾಳವಾಯಿತು. ಆದರೆ ನಿಮಿಷಕ್ಕೆ ೧೫೦೦ ಸುತ್ತು ತಿರುಗುವ ಜನರೇಟರಿನ ಅಚ್ಚನ್ನು ತೆಗೆದುಕೊಳ್ಳಿ. ವೇಗ ಅಳೆಯಲು ಅದಕ್ಕೆ ೧೦ ಹಲ್ಲಿನ ಚಕ್ರ ಕೂರಿಸಿದರೆ ಸೆಕೆಂಡಿಗೆ ೨೫೦ ಹಲ್ಲುಗಳು ಸೆನ್ಸರಿನ ಮುಂದೆ ಹಾದುಹೋಗುತ್ತವೆ. ಸೆಕೆಂಡಿಗೆ ೧೦೦ ಸಲ ಮಾತ್ರ ಕಣ್ಣು ಬಿಡುವ ಪೆಟ್ಟಿಗೆ, ಹಲ್ಲು ಬಂದದ್ದನ್ನು ಒಮ್ಮೆ, ಹೋದದ್ದನ್ನು ಒಮ್ಮೆ ನೋಡಬೇಕು. ಹಾಗಾಗಿ ೫೦ಕ್ಕಿಂತ ಹೆಚ್ಚು ಎಣಿಸಲಾರದು. ಯಂತ್ರ ಹುಚ್ಚೆದ್ದು ತಿರುಗುತ್ತಿದ್ದರೂ ‘ನಿಧಾನವಾಗಿದೆ’ ಎಂದೇ ಲೆಕ್ಕ ಬರುತ್ತದೆ!

ಇದಕ್ಕೆ ಪರಿಹಾರ ಎರಡು. ಎಣಿಕೆಯನ್ನು ಪ್ರತ್ಯೇಕ ವೇಗದ ಕೌಂಟರಿಗೆ ಒಪ್ಪಿಸುವುದು ಒಂದು. ಮಿತಿ ಮೀರಿದ ಕೂಡಲೇ ಸುತ್ತನ್ನು ನಡುವೆಯೇ ತಡೆದು ನಿಯಂತ್ರಕವನ್ನು ಕರೆಯುವುದು ಇನ್ನೊಂದು. ಈ ಕರೆಯೇ ‘ಇಂಟರಪ್ಟ್’. ಕರೆ ಬಂದಾಗ ನಿಯಂತ್ರಕ ತಾನು ಎಲ್ಲಿ ನಿಂತಿದ್ದೆ ಎಂಬುದನ್ನು ಗುರುತಿಟ್ಟು, ತುರ್ತು ಕೆಲಸ ಮುಗಿಸಿ, ನಿಲ್ಲಿಸಿದಲ್ಲಿಂದಲೇ ಮುಂದುವರಿಯುತ್ತದೆ. ಎರಡು ಕರೆ ಒಟ್ಟಿಗೆ ಬಂದರೆ ಯಾವುದು ಮೊದಲು ಎಂಬುದನ್ನೂ ಮೊದಲೇ ಗೊತ್ತುಮಾಡಿರಬೇಕು.

ಹಾಗಾದರೆ ಎಲ್ಲಕ್ಕೂ ಇಂಟರಪ್ಟ್ ಇಟ್ಟರಾಯಿತಲ್ಲ ಎನ್ನುವಿರೇನೋ. ಅಲ್ಲೇ ಇದೆ ಸೂಕ್ಷ್ಮ. ೧೯೬೮ರಲ್ಲಿ ಪಿಎಲ್‌ಸಿಯ ಕಲ್ಪನೆಗೆ ರೂಪ ಕೊಟ್ಟ ಅಮೆರಿಕದ ಡಿಕ್ ಮಾರ್ಲೆ, ಇಂಟರಪ್ಟ್ ಇರಕೂಡದು ಎಂಬುದನ್ನು ತಮ್ಮ ನಿಯಮಗಳಲ್ಲೇ ಸೇರಿಸಿದ್ದರು. ಸುತ್ತು ತಪ್ಪದ ಯಂತ್ರ ಮುಂದೇನು ಮಾಡುತ್ತದೆ ಎಂದು ಮೊದಲೇ ಹೇಳಬಹುದು. ಪದೇ ಪದೇ ಕರೆ ಬಂದರೆ ಸುತ್ತು ಎಳೆಯುತ್ತದೆ. ಲೆಕ್ಕದ ನಡುವೆ ಇಂಟರಪ್ಟ್ ಬಂದು ಒಂದು ಸಂಖ್ಯೆ ಬದಲಿಸಿದರೆ ಅರ್ಧ ಲೆಕ್ಕ ಹಳೆಯದು, ಅರ್ಧ ಹೊಸದು! ಇಂಥ ದೋಷ ವರ್ಷಕ್ಕೊಮ್ಮೆ ಕಾಣಿಸಿಕೊಂಡು ಎಂಜಿನಿಯರರ ನಿದ್ದೆಗೆಡಿಸುತ್ತದೆ. ಆದ್ದರಿಂದ ಇಂಟರಪ್ಟುಗಳು ಕಡಿಮೆ ಇರಬೇಕು, ಅವುಗಳ ಕೆಲಸ ಚಿಕ್ಕದಿರಬೇಕು. ಉಳಿದದ್ದನ್ನು ಮಾಮೂಲಿ ಸುತ್ತಿಗೆ ಬಿಡಬೇಕು.

ಇನ್ನೊಂದು ಮಾತು. ವಿದ್ಯುತ್ ಗದ್ದಲಕ್ಕೆ ಮೋಸಹೋಗದಿರಲೆಂದು ಪಿಎಲ್‌ಸಿಯ ಇನ್‌ಪುಟ್‌ಗಳಿಗೆ ಫಿಲ್ಟರ್ ಇಟ್ಟಿರುತ್ತಾರೆ. ಅದು ಕೆಲವು ಮಿಲಿಸೆಕೆಂಡ್ ತಡ ಮಾಡುವಂತಿದ್ದರೆ ಇಂಟರಪ್ಟ್ ಎಷ್ಟೇ ಚುರುಕಾಗಿದ್ದರೂ ಕರೆ ತಡವಾಗಿಯೇ ಮುಟ್ಟುತ್ತದೆ.

ಜೀವದ ಪ್ರಶ್ನೆ ಬಂದಾಗ ಸಾಮಾನ್ಯ ಪಿಎಲ್‌ಸಿಯ ಇಂಟರಪ್ಟನ್ನೂ ನೆಚ್ಚಿಕೊಳ್ಳುವಂತಿಲ್ಲ. ತುರ್ತು ನಿಲುಗಡೆಯ ಕೆಂಪು ಗುಂಡಿಯನ್ನು ಸುರಕ್ಷತಾ ರಿಲೇಗೋ ಅದಕ್ಕೆಂದೇ ಪ್ರಮಾಣೀಕರಿಸಿದ ನಿಯಂತ್ರಕಕ್ಕೋ ಜೋಡಿಸಬೇಕು. ಪ್ರೋಗ್ರಾಮ್ ಕೆಟ್ಟು ನಿಂತರೂ ಗುಂಡಿ ಒತ್ತಿದಾಗ ಯಂತ್ರ ನಿಲ್ಲಬೇಕು. ನಿಮ್ಮೂರಿನ ಗಿರಣಿಗೆ ಹೊಸ ಯಂತ್ರ ಬಂದಾಗ ಅದರ ವೇಗ, ಬೆಲೆ ಕೇಳುವ ಜೊತೆಗೆ ಈ ಗುಂಡಿಯ ತಂತಿ ಎಲ್ಲಿಗೆ ಹೋಗುತ್ತದೆ ಎಂದೂ ಕೇಳಿ.