ರಾಜಮಾರ್ಗದಲ್ಲಿ ಟ್ರ್ಯಾಕ್ಟರು

ಕಬ್ಬಿನ ಹಂಗಾಮು ಬಂತೆಂದರೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ರಸ್ತೆಗಳಲ್ಲಿಯೂ, ಮಂಡ್ಯದ ಸೀಮೆಯಲ್ಲಿಯೂ ರಾತ್ರಿ ಸಂಚರಿಸುವವರ ಎದೆ ನಡುಗತೊಡಗುತ್ತದೆ. ಒಂದರ ಹಿಂದೊಂದು ಎರಡು ಟ್ರೇಲರುಗಳನ್ನು ಕಟ್ಟಿಕೊಂಡು, ಹಿಂಬದಿಯಲ್ಲಿ ಬೆಳಕಿನ ಸುಳಿವೂ ಇಲ್ಲದೆ ತೆವಳುವ ಟ್ರ್ಯಾಕ್ಟರುಗಳು ಕತ್ತಲೆಯಲ್ಲಿ ಕತ್ತಲೆಯಾಗಿಯೇ ನಿಂತಿರುತ್ತವೆ. ನಮ್ಮ ಹಿರಿಯರು ಎತ್ತಿನ ಗಾಡಿಯ ಅಡಿಯಲ್ಲಿ ಒಂದು ಲಾಂದ್ರವನ್ನು ಕಟ್ಟದೆ ಇರುಳಿನಲ್ಲಿ ಗಾಡಿ ಹೂಡುತ್ತಿರಲಿಲ್ಲ. ಎತ್ತು ಹೋಗಿ ಎಂಜಿನು ಬಂದಿತು. ಲಾಂದ್ರ ಮಾತ್ರ ಹೋಯಿತು, ಅದರ ಸ್ಥಾನಕ್ಕೆ ಏನೂ ಬರಲಿಲ್ಲ!

ಟ್ರ್ಯಾಕ್ಟರು ಹೊಲದ ಉಪಕರಣವಾದುದರಿಂದ ಅದಕ್ಕೆ ಕಾನೂನಿನ ಕಟ್ಟಿಲ್ಲವೆಂಬ ಭ್ರಮೆಯು ನಮ್ಮ ಹಳ್ಳಿಗಳಲ್ಲಿ ಬೇರೂರಿದೆ. ಇದು ಸತ್ಯಕ್ಕೆ ದೂರವಾದುದು. 1988ರ ಮೋಟಾರು ವಾಹನಗಳ ಕಾಯಿದೆಯ ಪ್ರಕಾರ ಟ್ರ್ಯಾಕ್ಟರೂ ಮೋಟಾರು ವಾಹನವೇ. ಅದರ ಬೆನ್ನಿಗೆ ಬೀಳುವ ಟ್ರೇಲರೂ ಮೋಟಾರು ವಾಹನವೇ. ಸಾರ್ವಜನಿಕ ರಸ್ತೆಗೆ ಇಳಿದೊಡನೆ ಇವುಗಳಿಗೆ ರಿಜಿಸ್ಟ್ರೇಷನ್ನೂ, ಮೂರನೆಯವರ ಹಾನಿಗಾಗಿ ವಿಮೆಯೂ, ನಡೆಸುವವನಿಗೆ ಲೈಸೆನ್ಸೂ ಇರತಕ್ಕದ್ದು. ಹಿಂಭಾಗದಲ್ಲಿ ಎರಡು ಕೆಂಪು ಪ್ರತಿಫಲಕಗಳಿರಬೇಕೆಂದು 1989ರ ಕೇಂದ್ರ ನಿಯಮಗಳು ಟ್ರೇಲರುಗಳಿಗೂ ವಿಧಿಸಿವೆ. ಹದಿನೆಂಟು ತುಂಬದ ಹುಡುಗನ ಕೈಗೆ ಚಕ್ರವನ್ನು ಕೊಟ್ಟು ಆತ ತಪ್ಪೆಸಗಿದರೆ, 2019ರ ತಿದ್ದುಪಡಿಯ ಮೇರೆಗೆ ಪೋಷಕನಿಗೆ ಅಥವಾ ಮಾಲಿಕನಿಗೆ ಮೂರು ವರ್ಷಗಳವರೆಗೆ ಸೆರೆವಾಸವೂ 25,000 ರೂಪಾಯಿಗಳ ದಂಡವೂ ಕಾದಿವೆ. ಆ ಹುಡುಗನಿಗೆ ಇಪ್ಪತ್ತೈದು ವರ್ಷಗಳಾಗುವವರೆಗೆ ಲೈಸೆನ್ಸು ದೊರೆಯದು.

ಹಾಗೆಂದು ಕಾನೂನು ರೈತನಿಗೆ ಶತ್ರುವಲ್ಲ. ಟ್ರೇಲರನ್ನು ಸೇರಿಸಿದ ಮಾತ್ರಕ್ಕೆ ಟ್ರ್ಯಾಕ್ಟರಿನ ಲೈಸೆನ್ಸು ವ್ಯರ್ಥವಾಗದೆಂದು ಸುಪ್ರೀಂ ಕೋರ್ಟು 2001ರಲ್ಲಿಯೇ ತೀರ್ಪಿತ್ತಿತು. 7,500 ಕಿಲೋಗ್ರಾಂ ಮೀರದ ವಾಹನಗಳನ್ನು ನಡೆಸಲು ಲಘು ವಾಹನದ ಲೈಸೆನ್ಸೇ ಸಾಕೆಂದು ಅದೇ ನ್ಯಾಯಾಲಯದ ಸಂವಿಧಾನ ಪೀಠವು 2024ರ ನವೆಂಬರಿನಲ್ಲಿ ಸ್ಪಷ್ಟಪಡಿಸಿತು. ಬೇಸಾಯಗಾರನಿಗೆ ಸಲ್ಲತಕ್ಕ ಸೌಲಭ್ಯಗಳು ಸಂದಿವೆ. ಇನ್ನುಳಿದುದು ಆತನು ಸಲ್ಲಿಸಬೇಕಾದ ಕರ್ತವ್ಯ.

ಆದರೆ ನಮ್ಮನ್ನು ಎಲ್ಲಕ್ಕಿಂತ ಹೆಚ್ಚಾಗಿ ವ್ಯಥೆಗೊಳಿಸುವ ಸಂಗತಿಯು ಬೇರೆಯೇ ಇದೆ. ಬೆಳಗಿನ ಜಾವದಲ್ಲಿ ಕೂಲಿಗೆ ಹೊರಟ ಹೆಂಗಸರನ್ನೂ, ಜಾತ್ರೆಗೆ ಹೊರಟ ಕುಟುಂಬಗಳನ್ನೂ ಟ್ರೇಲರಿನಲ್ಲಿ ಮೂಟೆಗಳಂತೆ ತುಂಬಿ ಒಯ್ಯುವ ಪದ್ಧತಿಯನ್ನು ನಾವು ದಿನವೂ ಕಾಣುತ್ತಿದ್ದೇವೆ. 2022ರ ಅಕ್ಟೋಬರ್ 1ರಂದು ಕಾನ್ಪುರದ ಸಮೀಪದಲ್ಲಿ ಯಾತ್ರಿಕರನ್ನು ಹೊತ್ತ ಟ್ರ್ಯಾಕ್ಟರ್ ಟ್ರಾಲಿಯೊಂದು ಕೆರೆಗೆ ಮಗುಚಿ ಇಪ್ಪತ್ತಕ್ಕೂ ಹೆಚ್ಚು ಜನ, ಅವರಲ್ಲಿ ಬಹುಮಂದಿ ಹೆಂಗಸರೂ ಮಕ್ಕಳೂ, ಪ್ರಾಣ ಬಿಟ್ಟರು. ಸತ್ತವರ ದುಃಖ ಒಂದು ಬಗೆಯದಾದರೆ ಉಳಿದವರ ಗತಿ ಇನ್ನೊಂದು ಬಗೆಯದು. ಬೇಸಾಯಕ್ಕೆಂದು ವಿಮೆ ಮಾಡಿಸಿದ ಟ್ರ್ಯಾಕ್ಟರಿನ ಟ್ರಾಲಿಯಲ್ಲಿ ಕುಳಿತಿದ್ದ ಕೂಲಿಗಾರನ ಗಾಯಕ್ಕೆ ವಿಮಾ ಸಂಸ್ಥೆಯು ಹೊಣೆಯಲ್ಲವೆಂದು ಸುಪ್ರೀಂ ಕೋರ್ಟು 2007ರಲ್ಲಿ ಹೇಳಿತು. ಆ ಬಡವನಿಗೆ ಮೊದಲು ಹಣವಿತ್ತು, ಆಮೇಲೆ ಮಾಲಿಕನಿಂದ ವಸೂಲು ಮಾಡಿಕೊಳ್ಳಿರೆಂದು ನ್ಯಾಯಾಲಯವು ತನ್ನ ವಿಶೇಷಾಧಿಕಾರದಿಂದ ಆಜ್ಞಾಪಿಸಿತೆಂಬುದು ನಿಜ. ಆದರೆ ಆ ಕರುಣೆಯು ಎಲ್ಲರ ಪಾಲಿಗೂ ಹಕ್ಕಾಗಿ ಒದಗುವುದಿಲ್ಲ. ಅಂತೂ ದಿನಗೂಲಿಯವಳು ಮಡಿದರೆ ಅವಳ ಮಕ್ಕಳು ಒಂದೋ ಬರಿಗೈಯಲ್ಲಿ ಕೂಡಬೇಕು, ಇಲ್ಲವೆ ಎರಡೆಕರೆಯ ರೈತನ ಭೂಮಿ ಹರಾಜಾಗಬೇಕು. ಬಡವನ ತಪ್ಪಿಗೆ ಬಡವನೇ ಬಲಿ!

ತಪ್ಪು ರೈತನೊಬ್ಬನದೇ ಎಂದು ನಾವು ಹೇಳಲಾರೆವು. ಹಳ್ಳಿಗೆ ಹೊತ್ತಿಗೆ ಸರಿಯಾಗಿ ಬಸ್ಸು ಬರುವುದಾದರೆ ಟ್ರೇಲರನ್ನು ಹತ್ತುವವರಾರು? ಮಿತಿಮೀರಿದ ಹೇರನ್ನು ತೂಕದ ಕಾಟಾದ ಮೇಲೆ ಕಣ್ಣಾರೆ ಕಂಡು ಒಳಕ್ಕೆ ಬಿಟ್ಟುಕೊಳ್ಳುವ ಕಾರಖಾನೆಯು ನಿರಪರಾಧಿಯೆ? ಅಪಘಾತವಾದ ಮರುದಿನ ಎಚ್ಚತ್ತು ಎಂಟು ದಿನ ದಂಡ ವಸೂಲು ಮಾಡಿ ಮತ್ತೆ ಮಲಗುವ ಅಧಿಕಾರಿವರ್ಗಕ್ಕೆ ಏನೆನ್ನೋಣ?

ಆದುದರಿಂದ ನಮ್ಮ ಸೂಚನೆಗಳು ಇಷ್ಟೆ. ಪ್ರತಿಫಲಕವೂ ಹಿಂಬದಿಯ ದೀಪವೂ ಇಲ್ಲದ ಟ್ರೇಲರನ್ನು ಕಾರಖಾನೆಗಳು ಬಾಗಿಲಿನಲ್ಲಿಯೇ ತಡೆದು, ಅವನ್ನು ತಾವೇ ಅಂಟಿಸಿ ಕಳುಹಿಸಲಿ. ಅದರ ವೆಚ್ಚವು ಅವರಿಗೆ ಭಾರವಾಗದು. ಸಾರಿಗೆ ಇಲಾಖೆಯವರು ಹಂಗಾಮಿಗೆ ಮೊದಲೇ ಹೋಬಳಿ ಹೋಬಳಿಗೆ ಬಂದು ಲೈಸೆನ್ಸು, ರಿಜಿಸ್ಟ್ರೇಷನ್ನುಗಳನ್ನು ಮಾಡಿಕೊಡಲಿ. ಕೃಷಿ ಕೂಲಿಗಾರರಿಗೆ ರಕ್ಷಣೆ ದೊರೆಯುವಂತೆ ವಿಮೆಯ ಷರತ್ತುಗಳನ್ನು ಸರಕಾರದವರು ತಿದ್ದಿಸಲಿ. ಇಷ್ಟಾದ ಮೇಲೂ ಉಲ್ಲಂಘಿಸಿದವರನ್ನು ದಾಕ್ಷಿಣ್ಯವಿಲ್ಲದೆ ಶಿಕ್ಷಿಸಲಿ.

ರೈತ ಬಾಂಧವರಲ್ಲಿ ನಮ್ಮದೊಂದು ಬಿನ್ನಹ: ಹೊಲವು ನಿಮ್ಮದು, ರಸ್ತೆಯು ಎಲ್ಲರದು. ನಾಡಿಗೆ ಅನ್ನವಿಕ್ಕುವ ನಿಮ್ಮ ಕೈಯಿಂದ ಯಾರ ಮನೆಯ ದೀಪವೂ ಆರದಿರಲಿ. ಅದಕ್ಕಾಗಿ ನಿಮ್ಮ ಗಾಡಿಯ ಹಿಂದಿನ ದೀಪವು ಇಂದೇ ಹೊತ್ತಲಿ.