ಒಂದು ಬಾಗಿಲಿಗೆ ಎಷ್ಟು ಮಂದಿ ಯಜಮಾನರು?

ಗಣಕಯಂತ್ರವು ಜಾಲವನ್ನು ಸೇರುವುದು ತನ್ನ ಸಂಪರ್ಕದ್ವಾರದ ಮೂಲಕ. ತಂತಿಗೆ ಒಂದು ದ್ವಾರ, ವೈ-ಫೈಗೆ ಇನ್ನೊಂದು ಇರುವುದು ವಾಡಿಕೆ. ಪ್ರತಿಯೊಂದಕ್ಕೂ ಒಂದು ಹೆಸರೂ ಒಂದು ವಿಳಾಸವೂ ಇದ್ದರೆ ಕೆಲಸ ನಡೆಯತಕ್ಕದ್ದು. ಇಷ್ಟು ಸರಳವಾಗಿ ತೋರುವ ಈ ಏರ್ಪಾಡು, ಲಿನಕ್ಸ್ ಕಲಿಯಹೊರಟ ವಿದ್ಯಾರ್ಥಿಗಳನ್ನು ದಿನಗಟ್ಟಲೆ ಕಾಡುವುದೇಕೆ? ದೋಷವೆಲ್ಲ ಕಲಿಯುವವರದೇ ಎಂದು ಹೇಳಿಬಿಡುವುದು ನ್ಯಾಯವಲ್ಲ.

ಮೊದಲು ಹೆಸರಿನ ಸಂಗತಿಯನ್ನು ನೋಡೋಣ. ಹಿಂದೆ ಲಿನಕ್ಸಿನ ತಿರುಳು ತಂತಿಯ ದ್ವಾರಗಳನ್ನು ತಾನು ಕಂಡುಕೊಂಡ ಕ್ರಮದಲ್ಲಿ ‘ಈಥ್0’, ‘ಈಥ್1’ ಎಂದು ಹೆಸರಿಸುತ್ತಿತ್ತು. ಎರಡು ದ್ವಾರಗಳುಳ್ಳ ಯಂತ್ರವನ್ನು ಮತ್ತೆ ಚಾಲೂ ಮಾಡಿದಾಗ ಈ ಕ್ರಮ ತಲೆಕೆಳಗಾಗಬಹುದಾಗಿತ್ತು. ಹೊರಬಾಗಿಲಿಗೆಂದು ಇಟ್ಟ ಕಾವಲು ಒಳಬಾಗಿಲಿಗೆ ಹೋಗಿಬಿಡುವ ಅಪಾಯವಿತ್ತು. ಆದುದರಿಂದ 2013ರಲ್ಲಿ ಸಿಸ್ಟಮ್‌ಡಿ ಎಂಬ ತಂತ್ರಾಂಶದ 197ನೆಯ ಆವೃತ್ತಿಯು ಸ್ಥಾನವನ್ನು ಅನುಸರಿಸಿ ಹೆಸರಿಡುವ ಪದ್ಧತಿಯನ್ನು ತಂದಿತು. ‘ಇಎನ್‌ಪಿ3ಎಸ್0’ ಎಂಬ ಹೆಸರಿನಲ್ಲಿ ‘ಇಎನ್’ ಎಂದರೆ ಈಥರ್ನೆಟ್. ಉಳಿದ ಭಾಗವು ಪಿಸಿಐ ಮಾರ್ಗದ ಸಂಖ್ಯೆ 3, ಅದರಲ್ಲಿನ ಸ್ಥಾನ 0 ಎಂಬುದನ್ನು ಸೂಚಿಸುತ್ತದೆ. ನೋಡಲು ಒರಟಾದರೂ ಹೆಸರು ಸಕಾರಣವಾದುದು. ಹಳೆಯ ಪುಸ್ತಕದಲ್ಲಿ ‘ಈಥ್0’ ಎಂದು ಓದಿದವರು ತಬ್ಬಿಬ್ಬಾಗುವುದು ಸಹಜ. ಆದರೆ ಒಮ್ಮೆ ತಿಳಿದರೆ ಆ ತೊಡಕು ಕಳೆಯುತ್ತದೆ.

ಕಳೆಯದ ತೊಡಕು ಬೇರೆಯಿದೆ. ಅದು ಒಂದೇ ದ್ವಾರಕ್ಕೆ ಹಲವರು ಯಜಮಾನರಿರುವುದು. ಲಿನಕ್ಸಿನ ಡೆಬಿಯನ್ ವಿತರಣೆಯನ್ನು ತೆಗೆದುಕೊಳ್ಳಿ. ಅಲ್ಲಿ ‘ಇಂಟರ್‌ಫೇಸಸ್’ ಎಂಬ ಹಳೆಯ ಕಡತದಲ್ಲಿ ವಿಳಾಸವನ್ನು ಬರೆಯಬಹುದು. ತೆರೆಯ ಮೇಲೆ ಕಾಣುವ ನೆಟ್‌ವರ್ಕ್ ಮ್ಯಾನೇಜರ್ ಮೂಲಕವೂ ಕೊಡಬಹುದು. ಆದರೆ ದ್ವಾರದ ಹೆಸರು ಆ ಕಡತದಲ್ಲಿದ್ದರೆ ನೆಟ್‌ವರ್ಕ್ ಮ್ಯಾನೇಜರ್ ಸಾಮಾನ್ಯವಾಗಿ ಅದರ ಗೊಡವೆಗೆ ಹೋಗುವುದಿಲ್ಲ. ‘ಇದು ನನ್ನ ನಿರ್ವಹಣೆಯಲ್ಲಿಲ್ಲ’ ಎಂಬಷ್ಟೇ ಅದರ ಉತ್ತರ. ಯಾರ ನಿರ್ವಹಣೆಯಲ್ಲಿದೆ ಎಂಬುದನ್ನು ನಾವೇ ಹುಡುಕಬೇಕು. ಜಾಲತಾಣದ ಹೆಸರಿಗೆ ವಿಳಾಸವನ್ನು ಒದಗಿಸುವ ಸರ್ವರನ್ನು ಸೂಚಿಸುವ ‘ರಿಸಾಲ್ವ್.ಕಾನ್ಫ್’ ಕಡತದ ಪಾಡೂ ಇಂತಹುದೇ. ನಾವು ಬರೆದ ಸಾಲನ್ನು ಇನ್ನೊಂದು ತಂತ್ರಾಂಶವು ಮುಂದಿನ ಸಲ ಅಳಿಸಿ, ತನ್ನದನ್ನು ಬರೆದಿರಬಹುದು.

ಇದು ಸ್ವಾತಂತ್ರ್ಯಕ್ಕೆ ತೆರಬೇಕಾದ ಬೆಲೆ ಎಂದು ಕೆಲವರು ವಾದಿಸಬಹುದು. ದೊಡ್ಡ ಸರ್ವರಿಗೂ ಮೇಜಿನ ಗಣಕಕ್ಕೂ ಬೇಕಾದ ಸಾಧನಗಳು ಬೇರೆ ಬೇರೆ ಎಂಬುದು ದಿಟ. ಆದರೆ ಆಯ್ಕೆಗಳು ಹಲವಿರುವುದು ಬೇರೆ, ಆಯ್ಕೆಯಾದುದು ಯಾವುದೆಂದು ತಿಳಿಯದಂತಿರುವುದು ಬೇರೆ. ‘ಈ ವಿಳಾಸ ಬಂದುದು ಇಂಥ ಕಡತದಿಂದ, ಇದರ ಹೊಣೆ ಇಂಥ ತಂತ್ರಾಂಶದ್ದು’ ಎಂದು ಪ್ರತಿಯೊಂದು ದ್ವಾರದ ಮುಂದೆಯೂ ಯಂತ್ರವೇ ಸರಳವಾಗಿ ತಿಳಿಸಬೇಕು. ಇದನ್ನು ಕೇಳುವುದು ಅತಿಯಾಸೆಯಲ್ಲ.

ಕಾರಣವನ್ನು ಅರಿಯದೆ ಫಲವನ್ನು ಒಪ್ಪಬಾರದೆಂದು ಪ್ರಯೋಗಶಾಲೆಯಲ್ಲಿ ಕಲಿಯುವ ವಿದ್ಯಾರ್ಥಿಗಳು, ಇಲ್ಲಿಯೂ ಆಜ್ಞೆಗಳನ್ನು ಕಣ್ಣುಮುಚ್ಚಿ ನಕಲು ಮಾಡಬಾರದು. ದ್ವಾರದ ಯಜಮಾನ ಯಾರೆಂದು ಮೊದಲು ತಿಳಿಯಿರಿ. ವಿಳಾಸವನ್ನು ಅನಂತರ ಬರೆಯಿರಿ. ಲಿನಕ್ಸಿನ ಮೂಲ ಬರಹ ಎಲ್ಲರಿಗೂ ತೆರೆದಿದೆ. ಇಂದು ಈ ಗೋಜಿನಲ್ಲಿ ಬಳಲಿದವರೇ ನಾಳೆ ಅದನ್ನು ತಿದ್ದುವವರೂ ಆಗಬಹುದು.