ನೋಂಬಿನ ತಿಂಗಳಲ್ಲಿ ಇಂಗ್ಲಿಷ್ ಪೇಪರ್

ಈ ಸಲ ಎಸ್ಸೆಸ್ಸೆಲ್ಸಿ ಪರೀಕ್ಷೆ-1 ಮಾರ್ಚ್ 18ಕ್ಕೆ ಶುರು. ಕ್ಯಾಲೆಂಡರ್ ತೆಗೆದು ನೋಡಿದರೆ ಅದು ನೋಂಬಿನ ಕೊನೆಯ ದಿನಗಳು. 27ನೇ ರಾತ್ರಿಯ ಬೆನ್ನಿಗೇ ಪ್ರಥಮ ಭಾಷೆಯ ಪೇಪರ್, ಅದಾಗಿ ಎರಡು ಮೂರು ದಿನಕ್ಕೆ ಪೆರ್ನಾಲ್, ಪೆರ್ನಾಲ್ ಕಳೆದು ಉಳಿದ ಪೇಪರ್‌ಗಳು. ಮಕ್ಕಳು ಪುನರಾವರ್ತನೆ ಮಾಡಬೇಕಾದ ತಿಂಗಳು ಪೂರ್ತಿ ರಮಝಾನ್. ಮೈಸೂರಿನಲ್ಲಿ ನೆಲೆಸಿರುವ ನಮ್ಮ ಮನೆಗಳಲ್ಲಿ ಇದರ ಬಗ್ಗೆ ಈಗಲೇ ಮಾತಾಡಬೇಕು. ಅದರಲ್ಲೂ ಇಂಗ್ಲಿಷ್ ಬಗ್ಗೆ. ಗಣಿತಕ್ಕೆ, ವಿಜ್ಞಾನಕ್ಕೆ ಟ್ಯೂಷನ್ ಹಾಕಿರುತ್ತೇವೆ, ಇಂಗ್ಲಿಷನ್ನು ಮಾತ್ರ 'ಅದು ಹೇಗೂ ಪಾಸಾಗ್ತದೆ ಬಿಡಿ' ಎಂದು ಬಿಟ್ಟಿರುತ್ತೇವೆ.

ಪಾಸಾಗುವುದು ಈಗ ಇನ್ನೂ ಸುಲಭ. ಈ ವರ್ಷದಿಂದ 625ರಲ್ಲಿ 206 ಅಂಕ ಬಂದರೆ, ಅಂದರೆ ಶೇ. 33 ಬಂದರೆ ತೇರ್ಗಡೆ. ಪ್ರತಿ ವಿಷಯದಲ್ಲಿ ಶೇ. 30 ಇದ್ದರೆ ಸಾಕು. ಹಿಂದೆ 35 ಬೇಕಿತ್ತು. ಜತೆಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ. ಸರಕಾರ ಇಲ್ಲಿಗೆ ಬಂದು ಮುಟ್ಟಿದ್ದು ಹೇಗೆಂದು ನೆನಪಿರಲಿ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತು, ಫಲಿತಾಂಶ ಕುಸಿಯಿತು, ಗ್ರೇಸ್ ಅಂಕ ಸುರಿದರೂ ಶೇ. 73.40ಕ್ಕೆ ನಿಂತಿತು. ಹಿಂದಿನ ವರ್ಷ ಅದು 83.89 ಇತ್ತು. 2025ರಲ್ಲಿ ಆ ಗ್ರೇಸ್ ಇಲ್ಲ, ಪರೀಕ್ಷೆ-1ರ ಫಲಿತಾಂಶ ಶೇ. 66.14. ದಕ್ಷಿಣ ಕನ್ನಡ ಶೇ. 91.12 ಪಡೆದು ಮೊದಲ ಸ್ಥಾನಕ್ಕೆ ಬಂದಾಗ ನಾವು ಇಲ್ಲಿ ಕೂತು 'ನಮ್ಮ ಊರು' ಎಂದು ಖುಷಿಪಟ್ಟೆವು. ಆದರೆ ನಮ್ಮ ಮಕ್ಕಳು ಬರೆಯುವುದು ಊರಿನಲ್ಲಲ್ಲ, ಇಲ್ಲಿ.

ಬಡ ಮಗುವೊಂದು ಒಂದೆರಡು ಅಂಕದಲ್ಲಿ ಶಾಲೆ ಬಿಡುವುದು ತಪ್ಪಿದರೆ ಒಳ್ಳೆಯದೇ, 33ರ ನಿಯಮವನ್ನು ನಾವು ವಿರೋಧಿಸುತ್ತಿಲ್ಲ. ನಮ್ಮ ಭಯ ಬೇರೆ. ಮೂವತ್ತಕ್ಕೆ ಪಾಸಾದ ಹುಡುಗ ಜೂನ್‌ನಲ್ಲಿ ಪಿಯುಸಿ ವಿಜ್ಞಾನಕ್ಕೋ ಕಾಮರ್ಸಿಗೋ ಹೋಗಿ ಕೂತಾಗ ಭೌತಶಾಸ್ತ್ರವೂ ಇಂಗ್ಲಿಷಿನಲ್ಲಿ, ಅಕೌಂಟೆನ್ಸಿಯೂ ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದಿಂದ ಹೋದವರಿಗೆ ಮೊದಲ ಮೂರು ತಿಂಗಳು ಕಿವಿ ಮುಚ್ಚಿದ ಹಾಗೆ. ಆಮೇಲೆ 'ಅವನಿಗೆ ತಲೆಗೆ ಹತ್ತುವುದಿಲ್ಲ' ಎಂದು ಅಂಗಡಿಗೆ ಕೂರಿಸುತ್ತೇವೆ, ಇಲ್ಲವೇ ಪಾಸ್‌ಪೋರ್ಟ್ ಮಾಡಿಸುತ್ತೇವೆ. ತಲೆಗೆ ಹತ್ತದೇ ಇದ್ದದ್ದು ವಿಜ್ಞಾನವಲ್ಲ, ಭಾಷೆ.

ಮೊದಲಿಗೆ ಒಂದು ಸಣ್ಣ ವಿಷಯ. ನಿಮ್ಮ ಮಗುವಿಗೆ ಇಂಗ್ಲಿಷ್ ಪ್ರಥಮ ಭಾಷೆಯೋ ದ್ವಿತೀಯ ಭಾಷೆಯೋ? ನಗುಬೇಡಿ, ನಮಗೆ ಗೊತ್ತಿರುವ ಮನೆಯೊಂದರಲ್ಲಿ ಡಿಸೆಂಬರ್‌ವರೆಗೆ ತಪ್ಪು ಗೈಡ್ ಇಟ್ಟುಕೊಂಡು ಓದಿದ್ದರು. ಪ್ರಥಮ ಭಾಷೆಯಾದರೆ 125 ಅಂಕ, ಪಠ್ಯವೇ ಬೇರೆ, ಪರೀಕ್ಷೆ ನೋಂಬಿನೊಳಗೇ. ದ್ವಿತೀಯ ಭಾಷೆಯಾದರೆ 80 ಲಿಖಿತ, 20 ಆಂತರಿಕ, ಪರೀಕ್ಷೆ ಪೆರ್ನಾಲ್ ಕಳೆದ ಮೇಲೆ. ತಯಾರಿಯ ಲೆಕ್ಕಾಚಾರ ಇಲ್ಲಿಂದಲೇ ಬೇರೆಯಾಗುತ್ತದೆ.

ಇನ್ನು ಅಂಕ ಎಲ್ಲಿ ಹೋಗುತ್ತದೆ ಎಂಬ ಮಾತು. ನಮ್ಮ ಮಕ್ಕಳಿಗೆ ಬಾಯಿಪಾಠ ಹೊಸದಲ್ಲ. ಚಿಕ್ಕಂದಿನಿಂದ ಮದ್ರಸದಲ್ಲಿ ಸೂರಾಗಳನ್ನು ತಪ್ಪಿಲ್ಲದೆ ಕಲಿತ ಮಗುವಿಗೆ ಪದ್ಯದ ಸಾಲುಗಳನ್ನು ನೆನಪಿನಿಂದ ಬರೆಯುವ ಪ್ರಶ್ನೆ ಏನೂ ಕಷ್ಟವಲ್ಲ. ಅಲ್ಲಿ ಅಂಕ ಪೂರ್ತಿ ಬರುತ್ತದೆ. ಆದರೆ ಅದೇ ಅಭ್ಯಾಸವನ್ನು ಪತ್ರಕ್ಕೂ ಪ್ರಬಂಧಕ್ಕೂ ತಂದಾಗ ಎಡವಟ್ಟಾಗುತ್ತದೆ. ಗೈಡಿನ ಪತ್ರ ಶಾಲಾ ಪ್ರವಾಸದ್ದು, ಪ್ರಶ್ನೆಪತ್ರಿಕೆಯ ಪತ್ರ ಬೀದಿದೀಪದ್ದು. ಮಗು ಪ್ರವಾಸದ್ದನ್ನೇ ಬರೆದು ಬರುತ್ತದೆ. ಚಿತ್ರ ನೋಡಿ ಬರೆಯುವುದು, ಸುಳಿವು ಹಿಡಿದು ವ್ಯಕ್ತಿಯ ಪ್ರೊಫೈಲ್ ಬರೆಯುವುದು, ಕತೆ ಬೆಳೆಸುವುದು, ಕಾಣದ ಪ್ಯಾಸೇಜ್ ಓದಿ ಉತ್ತರಿಸುವುದು, ಇವು ಯಾವುದಕ್ಕೂ ಬಾಯಿಪಾಠ ನಡೆಯುವುದಿಲ್ಲ. ಮಗು ತಾನೇ ಒಂದು ವಾಕ್ಯ ಕಟ್ಟಬೇಕು.

ವಾಕ್ಯ ಕಟ್ಟುವಲ್ಲಿ ತೊಡಕು ಎಲ್ಲಿ? ಬ್ಯಾರಿ ಬಾಸೆಯಲ್ಲೂ ಕನ್ನಡದಲ್ಲೂ ಕ್ರಿಯಾಪದ ಕೊನೆಗೆ ಬರುತ್ತದೆ, ಇಂಗ್ಲಿಷಿನಲ್ಲಿ ನಡುವೆ. 'ಎ', 'ದ' ಎಂಬ ಪುಟ್ಟ ಪದಗಳು ನಮ್ಮ ಭಾಷೆಗಳಲ್ಲಿ ಇಲ್ಲವೇ ಇಲ್ಲ. ಅದಕ್ಕೇ ಮಕ್ಕಳು 'ಐ ಸ್ಕೂಲ್ ವೆಂಟ್' ಎಂದೋ, 'ಐ ಆ್ಯಮ್ ಗೋ' ಎಂದೋ ಬರೆಯುವುದು. ಇದು ದಡ್ಡತನವಲ್ಲ. ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ, ಉದಯಗಿರಿಯ ಬೀದಿಯಲ್ಲಿ ದಖನಿ ಉರ್ದು, ಊರಿಗೆ ಹೋದರೆ ತುಳು, ಇಷ್ಟನ್ನು ನಿಭಾಯಿಸುವ ಮಗುವಿಗೆ ಐದನೆಯದು ಬಾರದೇ ಹೋಗಲು ಕಾರಣವಿಲ್ಲ. ದಿನಾ ಬರೆಯಬೇಕು, ಬರೆದದ್ದನ್ನು ಯಾರಾದರೂ ತಿದ್ದಬೇಕು. ಉಮ್ಮನಿಗೆ ಇಂಗ್ಲಿಷ್ ಬಾರದಿದ್ದರೆ ಪಕ್ಕದ ಮನೆಯ ಪಿಯುಸಿ ಹುಡುಗಿ ಸಾಕು, ಶಾಲೆಯ ಟೀಚರಂತೂ ಇದ್ದೇ ಇದ್ದಾರೆ.

ದ್ವಿತೀಯ ಭಾಷೆಯ ಪುಸ್ತಕದಲ್ಲಿ ಆರ್. ಕೆ. ನಾರಾಯಣ್ ಅವರ 'ಎ ಹೀರೊ' ಇದೆ. ಅಪ್ಪನ ಹಠಕ್ಕೆ ಸ್ವಾಮಿ ಕತ್ತಲ ಆಫೀಸು ಕೋಣೆಯಲ್ಲಿ ಒಬ್ಬನೇ ಮಲಗಿ, ಹೆದರಿ, ಕಳ್ಳನ ಕಾಲು ಕಚ್ಚುವ ಕತೆ. ಇಫ್ತಾರ್ ಆದ ಮೇಲೆ ಮಗು ಆ ಕತೆಯನ್ನು ಬ್ಯಾರಿಯಲ್ಲೇ ಹೇಳಲಿ. ಅಜ್ಜಿ ಕೇಳಿ ನಗಲಿ. ಮರುದಿನ ಅದನ್ನೇ ಐದು ಇಂಗ್ಲಿಷ್ ವಾಕ್ಯದಲ್ಲಿ ಬರೆಯಲಿ, ಪುಸ್ತಕ ನೋಡದೆ. ತಪ್ಪಿದ್ದರೆ ಇರಲಿ. ಇನ್ನೊಂದು ದಿನ ಇನ್ನೊಂದು ಪಾಠ. ಅಂದ ಹಾಗೆ ಇದೇ ನಾರಾಯಣ್ ಇದೇ ಮೈಸೂರಿನಲ್ಲಿ, ಅಪ್ಪ ಹೈಸ್ಕೂಲು ಹೆಡ್‌ಮಾಸ್ಟರ್ ಆಗಿದ್ದರೂ, ಕಾಲೇಜು ಪ್ರವೇಶ ಪರೀಕ್ಷೆಯಲ್ಲಿ ಫೇಲಾದವರು. ಅದೂ ಇಂಗ್ಲಿಷಿನಲ್ಲಿ! ಒಂದು ವರ್ಷ ಮನೆಯಲ್ಲಿ ಕೂತು ಓದಿದರು, ಬರೆದರು, ಆಮೇಲೆ ಮಹಾರಾಜಾ ಕಾಲೇಜು ಸೇರಿದರು. ಯಾದವಗಿರಿಯ ಅವರ ಮನೆ ಈಗ ಮ್ಯೂಸಿಯಂ. ನೋಂಬು ಬರುವ ಮೊದಲು ಒಂದು ಭಾನುವಾರ ಮಕ್ಕಳನ್ನು ಕರೆದುಕೊಂಡು ಹೋಗಿ ಬನ್ನಿ.

ಸಮಯ ಎಲ್ಲಿದೆ ಎಂದು ಕೇಳಬೇಡಿ. ನೋಂಬಿನಲ್ಲಿ ಹೆಚ್ಚಿನ ಕಡೆ ಮದ್ರಸಕ್ಕೆ ರಜೆ. ಸಹರಿ ಮುಗಿದು ಸುಬ್‌ಹಿ ನಮಾಝ್ ಆದ ಮೇಲಿನ ಹೊತ್ತಿನಲ್ಲಿ ಹೊಟ್ಟೆಯೂ ತುಂಬಿರುತ್ತದೆ, ಮನೆಯೂ ಶಾಂತ. ಅರ್ಧ ಗಂಟೆ ಬರೆದು ಆಮೇಲೆ ಮಲಗಲಿ. ಮಂಡಳಿಯ ವೆಬ್‌ಸೈಟಿನಲ್ಲಿ ಮಾದರಿ ಪ್ರಶ್ನೆಪತ್ರಿಕೆ ಉಚಿತವಾಗಿ ಸಿಗುತ್ತದೆ. ವಾರಕ್ಕೊಂದನ್ನು ಗಡಿಯಾರ ಇಟ್ಟು ಬರೆಸಿ, ಮೊದಲ 15 ನಿಮಿಷ ಪೆನ್ನು ಮುಟ್ಟದೆ ಬರೀ ಓದುವ ಅಭ್ಯಾಸವನ್ನೂ ಮಾಡಿಸಿ. ತರಾವೀಹ್ ಮುಗಿಸಿ ರಾತ್ರಿ ಹನ್ನೊಂದಕ್ಕೆ ಪುಸ್ತಕ ಹಿಡಿಸುವುದರಲ್ಲಿ ಅರ್ಥವಿಲ್ಲ.

ಇನ್ನು ನಾವು ಹೇಳಲೇಬೇಕಾದ ಎರಡು ಮಾತುಗಳಿವೆ, ಕೆಲವರಿಗೆ ಹಿಡಿಸಲಿಕ್ಕಿಲ್ಲ. ಪರೀಕ್ಷೆ ಬರೆಯುವ ಹುಡುಗ ಅಸರ್ ಆದ ಮೇಲೆ ಕೋಣೆಯಲ್ಲಿ ಓದುತ್ತಿರುತ್ತಾನೆ. ಪರೀಕ್ಷೆ ಬರೆಯುವ ಹುಡುಗಿ ಸಮೋಸ ಮಡಚುತ್ತಿರುತ್ತಾಳೆ. ಈ ಒಂದು ತಿಂಗಳು ಅವಳಿಗೂ ಅಡುಗೆಮನೆಯಿಂದ ರಜೆ ಕೊಡಿ. ಇಫ್ತಾರಿಗೆ ಎರಡು ಬಗೆ ಕಡಿಮೆಯಾದರೆ ನೋಂಬು ಕೆಡುವುದಿಲ್ಲ.

ಎರಡನೆಯದು ಊರಿನ ಪ್ರಯಾಣ. ಪೆರ್ನಾಲಿಗೆ ಮಡಿಕೇರಿ, ಸಂಪಾಜೆ ದಾಟಿ ಸುಳ್ಯ, ಪುತ್ತೂರು, ಮಂಗಳೂರಿಗೆ ಹೋಗಿ ಒಂದು ವಾರ ನಿಂತು ಬರುವುದು ನಮ್ಮೆಲ್ಲರ ರೂಢಿ. ಈ ಸಲ ಹಬ್ಬ ಎರಡು ಪೇಪರ್‌ಗಳ ನಡುವೆ ಬಿದ್ದಿದೆ. ರಾತ್ರಿ ಬಸ್ಸಿನಲ್ಲಿ ಘಾಟಿ ಇಳಿದು, ಮನೆ ಮನೆ ತಿರುಗಿ, ಮತ್ತೆ ಘಾಟಿ ಹತ್ತಿ ಬಂದ ಮಗು ಮರುದಿನ ಏನು ಬರೆದೀತು? ಒಬ್ಬರು ಊರಿಗೆ ಹೋಗಿ ಹಿರಿಯರನ್ನು ಕಂಡು ಬನ್ನಿ, ಒಬ್ಬರು ಮಗುವಿನ ಜತೆ ಇಲ್ಲೇ ಇರಿ. ಅಜ್ಜಿಗೆ ಬೇಸರವಾಗುತ್ತದೆ ಎಂದಾದರೆ ಅಜ್ಜಿಯನ್ನೇ ಮೈಸೂರಿಗೆ ಕರೆಸಿಕೊಳ್ಳಿ. ಏಪ್ರಿಲ್ 2ಕ್ಕೆ ಕೊನೆಯ ಪೇಪರ್. 3ರ ಬೆಳಗ್ಗೆಯ ಬಸ್ಸಿಗೆ ಟಿಕೆಟ್ ಮಾಡಿಸಿ ಇಟ್ಟರೆ ಮಗುವಿಗೂ ಒಂದು ಹುರುಪು.